ನನ್ನ ಮಳೆಯ ಪಕ್ಕದ ನಕ್ಷತ್ರ

ಮನೆಯ ತಾರಸಿಯ ಮೇಲೊಂದು ಹವಾಮಾನ ಯಂತ್ರ ಇಟ್ಟು, ಅದು ಹೇಳಿದ್ದನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕತೊಡಗಿದ ಮೇಲೆ ನನಗೆ ತಿಳಿದ ಸಂಗತಿ ಇಷ್ಟೆ: ಗಾಳಿ ಮಳೆಯ ಉಪದ್ರ ವರ್ಷಕ್ಕೆ ನಾಲ್ಕು ತಿಂಗಳು, ಅದನ್ನು ನೋಡುವವರ ಉಪದ್ರ ವರ್ಷವಿಡೀ.

ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಇಪ್ಪತ್ತೇಳನೆಯ ವಯಸ್ಸಿಗೆ ಗಣಿತದ ಟೀಚರಾಗಿ ಸುಳ್ಯ ತಾಲೂಕಿಗೆ ಬಂದೆ. ಇಲ್ಲಿ ಮಳೆ ನಿಂತರೆ ಜನ ಹೊರಗೆ ಬಂದು ನೋಡುತ್ತಾರೆ. ಈಗ ನನಗೆ ಎಪ್ಪತ್ತೊಂದು. ಬೆಳ್ಳಾರೆಯ ಹತ್ತಿರ ಸಣ್ಣ ಮನೆ ಕಟ್ಟಿಕೊಂಡು ಒಬ್ಬಳೇ ಇದ್ದೇನೆ. ತುಳು ಮಾತಾಡುತ್ತೇನೆ, ಇಲ್ಲಿನವರ ಅರೆಭಾಷೆಯಲ್ಲಿ ಯಾರಾದರೂ ನನ್ನನ್ನು ಬೈದರೆ ಪೂರ್ತಿ ಅರ್ಥವಾಗುತ್ತದೆ. ಇಷ್ಟಾದರೂ ಬಸ್ಸಿನಲ್ಲಿ ನನ್ನ ಪರಿಚಯ ಹೇಳುವವರು "ಇವರು ಘಟ್ಟದ ಮೇಲಿನವರು" ಎಂದೇ ಶುರು ಮಾಡುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೆ ವಿದ್ಯಾರ್ಥಿಗಳು ನನಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂದು ಪಟ್ಟಿ ಓದಿದರು. ನಾನು ಬೇಡ ಅಂದೆ. ಕಪಾಟಿನಲ್ಲಿ ಆಗಲೇ ಹನ್ನೊಂದು ಶಾಲುಗಳಿದ್ದವು, ನನಗಿರುವುದು ಎರಡೇ ಭುಜ. ಹಾಗಾದರೆ ಎಂತ ಬೇಕು ಟೀಚರ್ ಅಂತ ಕೇಳಿದರು. ಮಳೆ, ಗಾಳಿ, ಬಿಸಿಲು, ತೇವ ಎಲ್ಲವನ್ನೂ ಅಳೆಯುವ ಯಂತ್ರ ಬೇಕು ಅಂದೆ. ಕಡೆಗೆ ಯಂತ್ರ ಬಂತು. ಜೊತೆಗೆ ಶಾಲೂ ಬಂತು. ಶಾಲು ಹೊದಿಸದಿದ್ದರೆ ಫೋಟೋದಲ್ಲಿ ಸನ್ಮಾನ ಅಂತ ಗೊತ್ತಾಗುವುದಿಲ್ಲವಂತೆ.

ಯಂತ್ರದ ಅಂಕಿಗಳನ್ನು ಎಲ್ಲರೂ ನೋಡುವಂತೆ ಒಂದು ವೆಬ್‌ಸೈಟ್ ಮಾಡಿದೆ. ದೂರದ ದೇಶದ ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ ಡಯಲುಗಳು ಸಿಕ್ಕಿದವು. ಸ್ಕೂಟರಿನ ಸ್ಪೀಡೋಮೀಟರಿನ ಹಾಗೆ ದುಂಡಗೆ, ನಡುವೆ ಒಂದು ಮುಳ್ಳು. ತಾಪಕ್ಕೊಂದು, ತೇವಕ್ಕೊಂದು, ಬಿಸಿಲಿಗೊಂದು, ಗಾಳಿಗೊಂದು, ಮಳೆಗೊಂದು. ಅದರ ಸೆಟ್ಟಿಂಗ್ಸ್ ಫೈಲು ಬಿಚ್ಚಿ ನಮಗೆ ಬೇಕಾದ ಹಾಗೆ ತಿದ್ದಬಹುದು. ಬೀಜಗಣಿತ ಕಲಿಸಿದವಳಿಗೆ ಅದು ಹೊಸದೇನಲ್ಲ. ಒಂದು ಆವರಣ ಚಿಹ್ನೆ ಮುಚ್ಚಲು ಮರೆತರೆ ಇಡೀ ಪುಟ ಬಿಳಿ ಹಾಳೆ, ಅಷ್ಟೆ.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಪುತ್ತೂರು, ಸುಳ್ಯ, ಕಡಬದ ಕಡೆ ಬಹಳ ಮನೆಗಳ ಅಂಗಳದಲ್ಲಿ ಮಳೆಮಾಪಕ ಉಂಟು. ಒಂದು ಆಲಿಕೆ, ಅದರ ಕೆಳಗೆ ಗೆರೆ ಹಾಕಿದ ಬಾಟಲಿ. ಬೆಳಿಗ್ಗೆ ಏಳೂವರೆಗೆ ಆಯಾ ಮನೆಯ ಯಜಮಾನರು ಹೋಗಿ ನೀರು ಎಷ್ಟು ಮಿಲಿಮೀಟರ್ ಅಂತ ನೋಡಿ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ. ಎಲ್ಲರ ಅಂಕಿಯನ್ನು ಸೇರಿಸಿ ಎಂಟು ಗಂಟೆಗೆ ಸರಿಯಾಗಿ ಪಟ್ಟಿ ಹೊರಡಿಸುವವರು ಎಪ್ಪತ್ತೆಂಟರ ಒಬ್ಬ ಕೃಷಿಕರು. ಅವರ ಮನೆ ನಮ್ಮಿಂದ ಎರಡು ಮೈಲಿ. ಎಲ್ಲರೂ ಅವರನ್ನು ಪಟ್ಟಿಯ ಯಜಮಾನರು ಅನ್ನುತ್ತಾರೆ. ಆ ಪಟ್ಟಿಯನ್ನು ಜನ ಹತ್ತನೇ ತರಗತಿಯ ಫಲಿತಾಂಶದ ಹಾಗೆ ಓದುತ್ತಾರೆ. ಯಾರ ಮನೆಯಲ್ಲಿ ಹೆಚ್ಚು ಮಳೆ ಬಿತ್ತೋ ಅವರು ಆ ದಿನ ಪೇಟೆಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತಾರೆ.

ನನ್ನನ್ನೂ ಗುಂಪಿಗೆ ಸೇರಿಸಿದರು. ಮೊದಲ ದಿನ ಆಸೆಯಿಂದ ಪಟ್ಟಿ ತೆರೆದರೆ ನನ್ನ ಅಂಕಿಯ ಪಕ್ಕ ಒಂದು ನಕ್ಷತ್ರ ಚಿಹ್ನೆ. ಪಟ್ಟಿಯ ಅಡಿಯಲ್ಲಿ ಇನ್ನೊಂದು ನಕ್ಷತ್ರ, ಅದರ ಮುಂದೆ ಒಕ್ಕಣೆ: "ಯಂತ್ರದ ಲೆಕ್ಕ. ಖಚಿತವಿಲ್ಲ."

ನಾನು ಫೋನು ಮಾಡಿ ಇದೇನ್ರಿ ಯಜಮಾನ್ರೆ ಅಂತ ಕೇಳಿದೆ.

"ನೀವು ಬೇಜಾರು ಮಾಡ್ಕೊಳ್ಬೇಡಿ ಟೀಚರ್. ನಮ್ಮದೆಲ್ಲ ಕೈಯಲ್ಲಿ ಅಳೆದದ್ದು. ನಿಮ್ಮದು ಮಿಷನ್ ಹೇಳುದು. ಮೂರು ಮಳೆಗಾಲ ನೋಡುವ. ಸರಿ ಕಂಡರೆ ನಕ್ಷತ್ರ ತೆಗೀತೇನೆ."

ಸರಕಾರ ಕೂಡ ನನ್ನನ್ನು ಎರಡೇ ವರ್ಷಕ್ಕೆ ಖಾಯಂ ಮಾಡಿತ್ತು. ಆದರೂ ಒಪ್ಪಿದೆ. ಆ ನಕ್ಷತ್ರವನ್ನು ತೆಗೆಸದೆ ಬಿಡುವುದಿಲ್ಲ ಅಂತ ಅಂದೇ ನಿರ್ಧಾರ ಮಾಡಿದೆ. ನನ್ನ ಡಯಲುಗಳ ಮೇಲೆ ನಾನು ಮಾಡಿದ ಎಲ್ಲ ಕಸರತ್ತುಗಳ ಮೂಲ ಅದು.

1. ಬೆಳೆಯುವ ಅಳತೆಗೋಲು

ಆ ಪುಣ್ಯಾತ್ಮರ ದೇಶದಲ್ಲಿ ಮಳೆ ಕಡಿಮೆ ಇರಬೇಕು. ಮಳೆಯ ಡಯಲು ಹತ್ತು ಮಿಲಿಮೀಟರಿಗೆ ಮುಗಿಯುತ್ತಿತ್ತು. ಜೂನ್ ಮೊದಲ ವಾರದ ಮಳೆಗೆ ನಮ್ಮ ಮುಳ್ಳು ಕಾಲು ಗಂಟೆಯಲ್ಲಿ ತುದಿ ಮುಟ್ಟಿ ಅಲ್ಲೇ ಅಂಟಿಕೊಂಡಿತು. ಸಂಜೆ ಪಟ್ಟಿಯ ಯಜಮಾನರು ಕೊಡೆ ಹಿಡಿದು ಯಂತ್ರದ ತಪಾಸಣೆಗೆ ಬಂದಾಗಲೂ ಅದು ಅಲ್ಲೇ ಇತ್ತು. ಅವರು ಕನ್ನಡಕ ಏರಿಸಿ ಪರದೆ ನೋಡಿ, ಕನಿಕರದಿಂದ, ಪಾಪ ಇದಕ್ಕೆ ನಮ್ಮೂರ ಮಳೆ ಜೀರ್ಣ ಆಗುದಿಲ್ಲ ಅಂದರು. ಅಡಿಟಿಪ್ಪಣಿ ಮರುದಿನ ಬದಲಾಯಿತು: "ಯಂತ್ರದ ಲೆಕ್ಕ. ಸಣ್ಣ ಮಳೆಗೆ ಮಾತ್ರ."

ನಾನು ಫೈಲು ತಿದ್ದಿ ಡಯಲನ್ನು ಮುನ್ನೂರು ಮಿಲಿಮೀಟರಿಗೆ ಹಿಗ್ಗಿಸಿದೆ. ಆಮೇಲೆ ಹದ ಮಳೆ ಬಂದರೆ ಮುಳ್ಳು ಅಲ್ಲಾಡುವುದೇ ಕಾಣುತ್ತಿರಲಿಲ್ಲ. ಬೆಳಿಗ್ಗಿನಿಂದ ಜನರ ಫೋನು. ಇಲ್ಲಿ ಗದ್ದೆ ತುಂಬಿ ಆಯ್ತು, ನಿಮ್ಮ ಮುಳ್ಳು ಇನ್ನೂ ಎದ್ದಿಲ್ಲವಾ ಅಂತ ಪುತ್ತೂರಿನಿಂದ ಒಬ್ಬರು ವಿಚಾರಿಸಿದರು, ನಾನೇ ಎದ್ದಿಲ್ಲ ಅನ್ನುವ ಧಾಟಿಯಲ್ಲಿ.

ಎರಡು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಮಾಡಿದೆ. ಮಳೆ ಕಡಿಮೆ ಇದ್ದಾಗ ಡಯಲು ಹತ್ತಕ್ಕೆ ನಿಲ್ಲಬೇಕು, ಹೆಚ್ಚಾದರೆ ತಾನೇ ಐವತ್ತು, ನೂರು, ಇನ್ನೂರು ಅಂತ ದೊಡ್ಡದಾಗಬೇಕು. ಕೆಲಸ ಮಾಡಿತು. ಹೆಮ್ಮೆಯಿಂದ ಯಜಮಾನರಿಗೆ ವಿವರಿಸಿದೆ. ಅವರು ಕಾಫಿಯ ಲೋಟ ಕೆಳಗಿಟ್ಟರು.

"ಅಳತೆಗೋಲು ತಾನೇ ಉದ್ದ ಆಗುದಾ ಟೀಚರ್?"

ಹೌದು, ಬೇಕಾದಷ್ಟು ಅಂದೆ.

"ಹಾಗಾದ್ರೆ ಅದನ್ನು ಮಳೆಗೆ ಇಟ್ಟು ಯಾಕೆ ಹಾಳು ಮಾಡ್ತೀರಿ? ನನಗೆ ಒಂದು ದಿನಕ್ಕೆ ಕೊಡಿ. ನೆರೆಯವನ ಬೇಲಿ ಅಳೆಯಲಿಕ್ಕೆ ಉಂಟು."

2. ಚೌಕಟ್ಟಿನ ಬಣ್ಣ

ಡಯಲಿನ ಸುತ್ತ ಒಂದು ಚೌಕಟ್ಟು ಇರುತ್ತದೆ. ಹಿತ್ತಾಳೆ, ಉಕ್ಕು, ಬಣ್ಣ ಬಣ್ಣದ್ದು ಅಂತ ಹತ್ತಾರು ಬಗೆ. ಸೈಟು ಸ್ವಲ್ಪ ಲಕ್ಷಣವಾಗಿ ಕಂಡರೆ ಜನ ನಂಬುತ್ತಾರೆ ಅಂದುಕೊಂಡು ನಾನು ಕಿತ್ತಳೆ ಬಣ್ಣ ಹಾಕಿದೆ. ನಮ್ಮ ಹಿತ್ತಲಿನ ಅಬ್ಬಲಿಗೆಯ ಬಣ್ಣ ಅದು, ಬೇರೆ ಉದ್ದೇಶ ಇರಲಿಲ್ಲ.

ಪಂಚಾಯತಿನ ಮಾಜಿ ಸದಸ್ಯರೊಬ್ಬರು ಪೇಟೆಯಲ್ಲಿ ಸಿಕ್ಕಿ, ಟೀಚರ್ ಕೊನೆಗೂ ನಮ್ಮ ಕಡೆ ಬಂದದ್ದು ಸಂತೋಷ ಅಂದರು. ನನಗೆ ಗಾಬರಿಯಾಗಿ ಮನೆಗೆ ಬಂದು ಹಸಿರು ಮಾಡಿದೆ. ಮರುದಿನ ಇನ್ನೊಬ್ಬರು ಫೋನು ಮಾಡಿ ಸಂತೋಷಪಟ್ಟರು. ಮಾಜಿ ಸದಸ್ಯರು ಎದುರು ಸಿಕ್ಕಿ ಮುಖ ತಿರುಗಿಸಿದರು. ಕೆಂಪು ಮಾಡಿದೆ. ಅಂಚೆ ಕಚೇರಿಯಲ್ಲಿ ಒಬ್ಬ ಮುದುಕರು ಕೈ ಹಿಡಿದು ಕುಲುಕಿ, ಈ ವಯಸ್ಸಿನಲ್ಲಿ ಧೈರ್ಯ ಬೇಕು ಅಂದರು. ನೀಲಿ ಹಾಕಿದ ಮೇಲೆ ಒಂದು ಸಂಘದ ಸಭೆಗೆ ಅಧ್ಯಕ್ಷತೆ ವಹಿಸಲು ಕರೆ ಬಂತು.

ಯಾವ ಬಣ್ಣವೂ ಬೇಡ ಅಂತ ಬಿಳಿ ಹಾಳೆಯ ಮೇಲೆ ಕಪ್ಪು ಚೌಕಟ್ಟು ಮಾಡಿ ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಯಾರು ಹೋದದ್ದು ಟೀಚರ್, ಊರಿನವರಾ ಅಂತ ಮೆಲ್ಲಗೆ ಕೇಳಿದರು.

3. ಹಪ್ಪಳದ ಮುಳ್ಳು

ಈ ಅಕ್ಕನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅವರು ಹಲಸಿನ ಹಪ್ಪಳ ಮಾಡುವುದರಲ್ಲಿ ಎತ್ತಿದ ಕೈ. ಒಂದು ಮೇ ತಿಂಗಳು ನನ್ನ ಪರದೆಯ ಎದುರು ಕೂತು ಒಂದೊಂದು ಡಯಲನ್ನೂ ವಿಚಾರಿಸಿದರು. ತೇವಾಂಶ ಎಪ್ಪತ್ತೆರಡು, ಗಾಳಿಯ ಒತ್ತಡ ಇಷ್ಟು, ಇಬ್ಬನಿ ಕಟ್ಟುವ ತಾಪ ಅಷ್ಟು ಅಂತ ನಾನು ಪಾಠ ಮಾಡಿದೆ. ಅರ್ಧ ಗಂಟೆ ತಾಳ್ಮೆಯಿಂದ ಕೇಳಿದರು.

"ಅದೆಲ್ಲ ಇರಲಿ ಟೀಚರ್. ಹಪ್ಪಳ ಹಾಕ್ಬಹುದಾ, ಹಾಕ್ಬಾರದಾ?"

ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ತೇವ, ಬಿಸಿಲು, ಗಾಳಿ ಮೂರನ್ನೂ ಒಂದು ಸೂತ್ರದಲ್ಲಿ ಸೇರಿಸಿ ಹೊಸ ಡಯಲು ಮಾಡಿದೆ. ಎಡಕ್ಕೆ "ಬೇಡ", ನಡುವೆ "ಕಾದು ನೋಡಿ", ಬಲಕ್ಕೆ "ಹಾಕಿ". ಒಂದೇ ವಾರದಲ್ಲಿ ಅದು ಬೇರೆಲ್ಲ ಡಯಲುಗಳನ್ನು ಮೀರಿಸಿತು. ನೆಲ್ಯಾಡಿಯ ರಬ್ಬರ್ ತೋಟದ ಮನೆಯೊಂದರಿಂದ ಮಲಯಾಳದಲ್ಲಿ ಅಭಿನಂದನೆ ಬಂತು. ಅವರು ಅದನ್ನು ನೋಡಿ ಕಪ್ಪ ಒಣಗಿಸುತ್ತಿದ್ದರಂತೆ. ಕಪ್ಪ ಅಂದರೆ ಮರಗೆಣಸು. ಹಪ್ಪಳದ ಸೂತ್ರ ಮರಗೆಣಸಿಗೆ ಹೊಂದುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಂದಿತು ಅಂತ ಅವರೇ ಹೇಳಿದರು.

ಒಂದು ದಿನ ಮುಳ್ಳು ಬಲತುದಿಯಲ್ಲಿತ್ತು. ಅಕ್ಕ ಚಾಪೆ ತುಂಬ ಹಪ್ಪಳ ಹಾಕಿ ಒಳಗೆ ಹೋದರು. ಮಧ್ಯಾಹ್ನ ಖಾಲಿ ಚಾಪೆ ಹಿಡಿದು ನೇರ ನಮ್ಮ ಮನೆಗೆ ಬಂದರು. ಕಾಗೆಗಳು ಒಂದನ್ನೂ ಬಿಟ್ಟಿರಲಿಲ್ಲ. ನಾನು, ಬಿಸಿಲು ಸರಿ ಇತ್ತಲ್ಲ ಅಕ್ಕ ಅಂದೆ.

"ಬಿಸಿಲು ಸರಿ ಇತ್ತು. ನಿಮ್ಮದರಲ್ಲಿ 'ಹಾಕಿ' ಅಂತ ಇತ್ತು, ನಾನು ಹಾಕಿದೆ. 'ಕೂತು ಕಾಯಿ' ಅಂತ ಎಲ್ಲಿಯೂ ಇರ್ಲಿಲ್ಲ."

ಈಗ ಇದೆ. ಡಯಲಿನ ಕೆಳಗೆ ಸಣ್ಣ ಅಕ್ಷರದಲ್ಲಿ: "ಕಾಗೆಗಳಿಗೆ ಈ ವೆಬ್‌ಸೈಟ್ ಜವಾಬ್ದಾರಿಯಲ್ಲ."

ಹಪ್ಪಳದ ಡಯಲಿನ ಕೀರ್ತಿ ಪಟ್ಟಿಯ ಯಜಮಾನರಿಗೂ ಮುಟ್ಟಿತ್ತು. ಇನ್ನಾದರೂ ನಕ್ಷತ್ರ ಹೋದೀತು ಅಂತ ನಾನು ಕಾದೆ. ಅವರು ಅಡಿಟಿಪ್ಪಣಿಯನ್ನು ಮತ್ತೆ ತಿದ್ದಿದರು: "ಯಂತ್ರದ ಲೆಕ್ಕ. ಹಪ್ಪಳಕ್ಕೆ ಉತ್ತಮ."

4. ಬಿಸಿಲಿನ ಡಯಲು

ಜುಲೈಯಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಸಾರುತ್ತಾರೆ. ಜುಲೈ ಬಂತೆಂದರೆ ಬೆಳಿಗ್ಗೆ ಆರರಿಂದ ನನ್ನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಈಗ ಎಷ್ಟಾಯ್ತು ಟೀಚರ್, ನೂರು ದಾಟುತ್ತದಾ, ದಾಟದಿದ್ದರೂ ಹತ್ತಿರ ಹತ್ತಿರ ಬರುತ್ತದಾ. ಮೊದಮೊದಲು ಮಕ್ಕಳು ಅಂತ ತಿಳಿದು ಗದರಿಸಿದೆ. ಬೈಸಿಕೊಂಡವರು ಶಿಕ್ಷಕರು. ಅವರಲ್ಲಿ ಇಬ್ಬರಿಗೆ ನಾನೇ ಗಣಿತ ಕಲಿಸಿದ್ದೆ, ಗದರಿಸಿದ್ದು ಪೂರ್ತಿ ವ್ಯರ್ಥ ಆಗಲಿಲ್ಲ.

ಒಬ್ಬರು ಮುಖ್ಯೋಪಾಧ್ಯಾಯರಿಗೆ ಮಾತ್ರ ನನ್ನ ಮೇಲೆ ಅಪಾರ ಗೌರವ. ಮಳೆಯ ಡಯಲಿನಲ್ಲಿ ನೂರರ ಆಚೆ ಕೆಂಪು ಬಣ್ಣ ಹಾಕಿದ್ದೆ. ಆ ಕೆಂಪನ್ನು ಸ್ವಲ್ಪ ಈಚೆಗೆ ತರಲಿಕ್ಕೆ ಆಗುದಿಲ್ಲವಾ, ಎಂಬತ್ತಕ್ಕೆ, ಕೆಂಪು ಕಂಡರೆ ಮೇಲಿನವರಿಗೂ ತೀರ್ಮಾನ ತೆಗೆದುಕೊಳ್ಳಲು ಸುಲಭ ಅಂತ ವಿನಯದಿಂದ ಸೂಚಿಸಿದರು. ಮೇಲಿನವರು ನನ್ನ ವೆಬ್‌ಸೈಟ್ ನೋಡಿ ರಜೆ ಕೊಡುವುದಿಲ್ಲ ಮಾರಾಯ್ರೆ ಅಂತ ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಒಂದು ಸೋಮವಾರ ಹಾಗೇ ರಜೆ ಸಿಕ್ಕಿತು. ರಜೆ ಸಾರಿದ ಅರ್ಧ ಗಂಟೆಗೆ ಆಕಾಶ ತೊಳೆದ ಹಾಗೆ ಆಗಿ, ಎಂತಹ ಬಿಸಿಲು ಅಂದರೆ ಅಕ್ಕ ಓಡಿ ಹೋಗಿ ಚಾಪೆ ಹಾಸಿದರು. ಹನ್ನೊಂದು ಗಂಟೆಗೆ ಮುಖ್ಯೋಪಾಧ್ಯಾಯರ ಫೋನು. ಪೋಷಕರು ನಿಮ್ಮ ಸೈಟು ನೋಡಿ ಗುಂಪಿನಲ್ಲಿ ಹಾಕಿ ನಗಾಡುತ್ತಿದ್ದಾರೆ ಅಂದರು. ಹಾಗಾದರೆ ನಾನೇನು ಮಾಡಲಿ ಅಂತ ಕೇಳಿದೆ.

"ಹೆಚ್ಚೇನಿಲ್ಲ ಟೀಚರ್. ನಾಳೆ ಬೆಳಿಗ್ಗೆವರೆಗೆ ಸೂರ್ಯನ ಡಯಲೊಂದನ್ನು ತೆಗೆದಿಡಿ."

5. ಒಂದು ಲೀಟರ್ ಮಳೆ

ಮೂರನೆಯ ಮಳೆಗಾಲವೂ ಮುಗಿಯುತ್ತ ಬಂತು. ನಕ್ಷತ್ರ ಹೋಗಲಿಲ್ಲ. ಯಜಮಾನರು ಕೊಟ್ಟ ಗಡುವು ಅದು, ನಾನು ಮರೆತಿರಲಿಲ್ಲ. ಪುತ್ತೂರಿನಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದಾಗ ಎದುರಿನ ಪಂಕ್ತಿಯಲ್ಲಿ ಅವರು ಸಿಕ್ಕಿದರು. ಮೂರಾಯ್ತಲ್ಲ ಯಜಮಾನ್ರೆ ಅಂದೆ. ಅವರು ಹೋಳಿಗೆ ಮುರಿಯುತ್ತ, ನಿಮ್ಮ ಅಂಕಿ ಸರಿಯೇ ಇರುತ್ತದೆ ಟೀಚರ್, ಆದರೆ ಆ ಮುಳ್ಳು ನೋಡುವಾಗ ಮಳೆ ಅಂತ ಅನಿಸುದಿಲ್ಲ, ಸ್ಕೂಟರ್ ಹೋದ ಹಾಗೆ ಅನಿಸುತ್ತದೆ ಅಂದರು.

ಮನೆಗೆ ಬಂದು ಯೋಚಿಸಿದೆ. ಮುಳ್ಳು ಬೇಡವಾದರೆ ತೆಗೆದರಾಯಿತು. ಅವರ ಅಂಗಳದ ಮಳೆಮಾಪಕವನ್ನು ನಾನು ನೋಡಿದ್ದೆ. ತಾಮ್ರದ ಆಲಿಕೆ, ಕೆಳಗೆ ಉದ್ದ ಕುತ್ತಿಗೆಯ ಗಾಜಿನ ಬಾಟಲಿ. ಒಂದು ವಾರ ಕೂತು ಅದೇ ತರಹದ ಬಾಟಲಿಯ ಚಿತ್ರ ಬರೆದು, ದುಂಡು ಡಯಲಿನ ಜಾಗದಲ್ಲಿ ಕೂರಿಸಿದೆ. ಮಳೆ ಬಂದ ಹಾಗೆ ಅದರಲ್ಲಿ ನೀಲಿ ನೀರು ಏರಬೇಕು. ಇದನ್ನು ನೋಡಿದ ಮೇಲೂ ನಕ್ಷತ್ರ ಉಳಿಸುವ ಮನಸ್ಸು ಯಾರಿಗೆ ಬಂದೀತು ಅಂತ ನನ್ನ ಲೆಕ್ಕ.

ಚಿತ್ರ ಹಾಕಿದ್ದು ಅಕ್ಟೋಬರಿನ ಒಂದು ಬೆಳಿಗ್ಗೆ ಆರು ಗಂಟೆಗೆ. ಹಿಂದಿನ ಸಂಜೆ ಗುಡುಗಿತ್ತು, ಮಿಂಚಿತ್ತು, ಕರೆಂಟೂ ಹೋಗಿತ್ತು, ಹನಿ ಮಾತ್ರ ಬಿದ್ದಿರಲಿಲ್ಲ. ನೀರು ಏರುವುದನ್ನು ಪರೀಕ್ಷಿಸಲು ಮಳೆ ಬೇಕಲ್ಲ. ಒಂದು ಲೀಟರಿನ ಬಾಟಲಿಗೆ ನಲ್ಲಿಯ ನೀರು ತುಂಬಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ತಾರಸಿ ಹತ್ತಿ ಯಂತ್ರದ ಆಲಿಕೆಯ ಮೇಲೆ ಬೋರಲು ಹಾಕಿದೆ. ಯಂತ್ರದೊಳಗೆ ಪುಟ್ಟ ಬಟ್ಟಲೊಂದು ಇರುತ್ತದೆ. ತುಂಬಿದಾಗಲೆಲ್ಲ ಟಿಕ್ ಅಂತ ಮಗುಚುತ್ತದೆ, ಯಂತ್ರ ಆ ಮಗುಚಿದ್ದನ್ನು ಎಣಿಸುತ್ತದೆ. ಕೆಳಗೆ ಬಂದು ಪರದೆ ನೋಡಿದರೆ ನೀರು ಚೆಂದವಾಗಿ ಏರುತ್ತಿತ್ತು. ಏಳು ಗಂಟೆಯ ಹೊತ್ತಿಗೆ 46.6 ಮಿಲಿಮೀಟರಿಗೆ ಬಂದು ನಿಂತಿತು. ಸಂತೋಷದಲ್ಲಿ ಸ್ನಾನಕ್ಕೆ ಹೋದೆ. ಆಮೇಲೆ ಆ ಸುಳ್ಳು ಮಳೆಯನ್ನು ಅಳಿಸಿದರಾಯಿತು ಅಂದುಕೊಂಡೆ.

ಸ್ನಾನ, ದೀಪ, ಕಾಫಿ ಮುಗಿಸಿ ಏಳು ನಲವತ್ತಕ್ಕೆ ಗುಂಪಿಗೆ ಸೊನ್ನೆ ಹಾಕಲು ಫೋನು ತೆರೆದೆ. ಅಷ್ಟರಲ್ಲಿ ಇಪ್ಪತ್ತೊಂದು ಜನರೂ ತಮ್ಮ ಅಂಕಿ ಹಾಕಿ ಆಗಿತ್ತು.

ಪಟ್ಟಿಯ ಯಜಮಾನರು 46.8. ಸಂಪಾಜೆಯವರು 51.6, ಗಾಳಿ ಸಹಿತ. ನೆಲ್ಯಾಡಿಯ ರಬ್ಬರಿನವರು 37.3, ಈ ದಿನ ಟ್ಯಾಪಿಂಗ್ ಇಲ್ಲ. ಸುಬ್ರಹ್ಮಣ್ಯದಲ್ಲಿ ಲಾಡ್ಜ್ ನಡೆಸುವವರು 69.9, ಜೊತೆಗೆ ಹೊಳೆಯಲ್ಲಿ ನೀರು ಏರುತ್ತಿದೆ, ಯಾತ್ರಿಕರು ಜಾಗ್ರತೆ.

ನಾನು ಎದ್ದು ಹೋಗಿ ಅಂಗಳ ನೋಡಿದೆ. ಧೂಳು ಹಾಗೇ ಇತ್ತು. ಆಚೆ ಅಕ್ಕ ಗುಡಿಸುತ್ತಿದ್ದರು, ಧೂಳು ಅವರ ತಲೆಯವರೆಗೆ ಏಳುತ್ತಿತ್ತು. ರಾತ್ರಿ ಮಳೆ ಬಂತಾ ಅಕ್ಕ ಅಂತ ಕೇಳಿದೆ. ನಿಮಗೆ ಎಂತ ಆಗಿದೆ ಟೀಚರ್ ಅಂತ ಅವರು ಪೊರಕೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

ಗಣಿತದವಳಿಗೆ ಅಂಕಿಗಳು ಸಾಲಾಗಿ ನಿಂತರೆ ಕೈ ಸುಮ್ಮನಿರುವುದಿಲ್ಲ. ಪೆನ್ಸಿಲ್ ತೆಗೆದೆ. ಸುಬ್ರಹ್ಮಣ್ಯದ ಅಂಕಿ ನನ್ನದರ ಸರಿಯಾಗಿ ಒಂದೂವರೆ ಪಟ್ಟು. ಸಂಪಾಜೆಯದು ನನ್ನದಕ್ಕೆ ಐದು ಕೂಡಿಸಿದ್ದು. ನೆಲ್ಯಾಡಿಯದು ಹತ್ತರಲ್ಲಿ ಎಂಟು ಭಾಗ. ಹಿಂದಿನ ತಿಂಗಳ ಪಟ್ಟಿಗಳನ್ನು ತೆಗೆದು ನೋಡಿದೆ. ಅಲ್ಲಿಯೂ ಒಂದೂವರೆ ಪಟ್ಟು, ಐದು ಹೆಚ್ಚು, ಹತ್ತರಲ್ಲಿ ಎಂಟು. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಒಂದೇ ಬೆಂಚಿನ ಉತ್ತರಗಳು ನನಗೆ ಗೊತ್ತಾಗುತ್ತವೆ. ಇಲ್ಲಿ ಮೂರು ತಾಲೂಕಿಗೆ ಒಂದೇ ಬೆಂಚು ಇತ್ತು.

ಏನೂ ಹೇಳದೆ ಗುಂಪಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಅಂತ ಹಾಕಿದೆ.

ಬೆಳಿಗ್ಗೆ ಆ ಹೊತ್ತಿಗೆ ಹೂವಿನ ಚಿತ್ರ ಕಳಿಸುವವರು ಕೂಡ ಕಳಿಸಲಿಲ್ಲ. ಏಳು ನಲವತ್ತೈದಕ್ಕೆ ನನ್ನ ಫೋನು ಹೊಡೆಯಿತು. ಪಟ್ಟಿಯ ಯಜಮಾನರು.

"ಎಂತ ಟೀಚರ್, ನಿಮ್ಮಲ್ಲಿ ಸೊನ್ನೆಯಾ?"

"ಹೌದು ಯಜಮಾನ್ರೆ. ಹನಿ ಬಿದ್ದಿಲ್ಲ."

"ಹಾಗಲ್ಲ, ನಿಮ್ಮ ಆ ಹೊಸ ಬಾಟಲಿಯಲ್ಲಿ ನಲವತ್ತಾರರವರೆಗೆ ನೀಲಿ ಏರಿ..." ಅಂದವರು ಅಲ್ಲಿಗೆ ನಿಲ್ಲಿಸಿದರು.

ಬಾಟಲಿಯ ಚಿತ್ರ ಹಾಕಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅದು ನಾನು ಪರೀಕ್ಷೆಗೆ ಸುರಿದ ನಲ್ಲಿ ನೀರು ಅಂತ ತಿಳಿಸಿದೆ. ಆ ಕಡೆ ಹಿಂದಿನಿಂದ ಅವರ ಮನೆಯಾಕೆಯ ಧ್ವನಿ ಕೇಳಿಸಿತು. ನಿನ್ನೆಯ ಬಟ್ಟೆ ಅಂಗಳದಲ್ಲಿ ಒಣಗಿಕೊಂಡೇ ಉಂಟು, ಮಳೆ ಎಲ್ಲಿ ಬಂತು ಅಂತ ಆಗಲೇ ಕೇಳಿದೆ, ಕೇಳಿದವರು ಯಾರು ಅಂತ ಅವರು ಪಾತ್ರೆಗಳಿಗೆ ಹೇಳುತ್ತಿದ್ದರು.

ಯಜಮಾನರು ಧ್ವನಿ ತಗ್ಗಿಸಿದರು. ಮಳೆಮಾಪಕ ತೋಟದ ಕೆಳಗಿನ ಅಂಗಳದಲ್ಲಿ, ನಲವತ್ತೆರಡು ಮೆಟ್ಟಿಲು ಇಳಿಯಬೇಕು, ಮೊಣಗಂಟು ಕೇಳುವುದಿಲ್ಲ ಅಂದರು. ಎಷ್ಟು ಸಮಯದಿಂದ ಅಂತ ಕೇಳಿದೆ. ಕಳೆದ ವರ್ಷದ ಆಟಿ ತಿಂಗಳಿಂದ ಅಂದರು. ಅಂದರೆ ಹದಿನಾಲ್ಕು ತಿಂಗಳು ಅವರು ನನ್ನ ಮಳೆಯನ್ನು ನೋಡಿ ತಮ್ಮದನ್ನು ಬರೆದು, ಅದರ ಕೆಳಗೆ ನನ್ನದು ಬರೀ ಯಂತ್ರದ ಲೆಕ್ಕ ಅಂತ ಟಿಪ್ಪಣಿ ಹಾಕುತ್ತಿದ್ದರು.

"ಹಾಗಾದರೆ ಆ ಪಾಯಿಂಟ್ ಎರಡು ಹೆಚ್ಚಿಗೆ ಯಾಕೆ ಹಾಕಿದ್ರಿ?"

"ನಮ್ಮದು ಸ್ವಲ್ಪ ಎತ್ತರದ ಜಾಗ ಅಲ್ವಾ ಟೀಚರ್."

ಉಳಿದ ಇಪ್ಪತ್ತು ಜನರ ಕಥೆ ಏನು ಅಂತ ವಿಚಾರಿಸಿದೆ. ಅವರೆಲ್ಲ ಪ್ರಾಮಾಣಿಕರು, ನನಗೆ ಅವರ ಮೇಲೆ ಸಂಶಯ ಇಲ್ಲ ಅಂತ ಗಂಭೀರವಾಗಿ ಹೇಳಿದರು. ನಾನು ಒಂದೂವರೆ ಪಟ್ಟಿನ ಲೆಕ್ಕ ಬಿಡಿಸಿದೆ. ಅವರಿಗೆ ನಿಜಕ್ಕೂ ಆಘಾತವಾಯಿತು. ಛೆ, ಅಷ್ಟು ದೊಡ್ಡ ಮನುಷ್ಯರು ಕದಿಯುದಾ ಅಂತ ಎರಡು ಸಲ ಅಂದರು.

ಗೋಡೆಯ ಗಡಿಯಾರದಲ್ಲಿ ಎಂಟಕ್ಕೆ ಆರು ನಿಮಿಷ. ಪಟ್ಟಿ ಒಂದು ದಿನವೂ ತಡವಾದದ್ದಿಲ್ಲ. ಅವರು ಉಸಿರು ಬಿಟ್ಟು ಹೇಳಿದರು:

"ನೋಡಿ ಟೀಚರ್, ಇಪ್ಪತ್ತೊಂದು ಮನೆಯವರನ್ನು ಸುಳ್ಳುಗಾರರು ಮಾಡುದಾ, ನಿಮ್ಮ ಒಂದು ಸೊನ್ನೆ ತಿದ್ದುದಾ? ನಲವತ್ತಾರು ಪಾಯಿಂಟ್ ಆರು ಅಂತ ಹಾಕಿಬಿಡಿ. ನಕ್ಷತ್ರ ಇವತ್ತೇ ತೆಗೀತೇನೆ. ಅಡಿಟಿಪ್ಪಣಿ ಸಮೇತ."

ಮೂರು ಮಳೆಗಾಲ ಸರಿಯಾದ ಅಂಕಿ ಕೊಟ್ಟು ಸಿಗದದ್ದು ಒಂದು ಲೀಟರ್ ನಲ್ಲಿ ನೀರಿಗೆ ಸಿಗುತ್ತಿತ್ತು. ಸುಳ್ಳು ಬರೆಯಲು ಕೈ ಬರುವುದಿಲ್ಲ ಯಜಮಾನ್ರೆ ಅಂತ ಹೇಳಲು ಬಾಯಿ ತೆರೆದವಳು, ಕಿಟಕಿಯಾಚೆ ನೋಡಿದೆ. ಯಂತ್ರದೊಳಗಿಂದ ಬಸಿದ ನೀರು ತಾರಸಿಯ ಕೊಳವೆಯಿಂದ ಇನ್ನೂ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಆಗ ನನ್ನ ಮನಸ್ಸು ತಿಳಿಯಾಯಿತು. ಸೊನ್ನೆ ಅಳಿಸಿ 46.6 ಅಂತ ಹಾಕಿದೆ. ಎಂಟು ಗಂಟೆಗೆ ಸರಿಯಾಗಿ ಪಟ್ಟಿ ಬಂತು. ನನ್ನ ಅಂಕಿಯ ಪಕ್ಕ ಏನೂ ಇರಲಿಲ್ಲ, ಅಡಿಯಲ್ಲಿ ಟಿಪ್ಪಣಿಯೂ ಇರಲಿಲ್ಲ.

ನನಗೆ ಪಶ್ಚಾತ್ತಾಪ ಇಲ್ಲ. ಆ ಬೆಳಿಗ್ಗೆ ಮೂರು ತಾಲೂಕಿನ ಇಪ್ಪತ್ತೆರಡು ಮಳೆಮಾಪಕಗಳಲ್ಲಿ ಬರೆದಷ್ಟು ನೀರು ನಿಜವಾಗಿ ಬಿದ್ದದ್ದು ನನ್ನ ಒಂದಕ್ಕೇ.